ಗಂಟು ಹಾಕುವ ಕೆಲಸ

ಮುಳಬಾಗಿಲಿನ ನಮ್ಮ ದೊಡ್ಡಮ್ಮನ ಮನೆಗೆ ಮದುವೆ ಸೀಜನ್ನಿನಲ್ಲಿ ಹೋದರೆ ಕೂರಲು ಜಾಗ ಸಿಗುವುದಿಲ್ಲ. ದಿವಾನದ ಮೇಲೆ, ಕುರ್ಚಿಯ ಮೇಲೆ, ಅಕ್ಕಿ ಡಬ್ಬದ ಮೇಲೆ ಎಲ್ಲೆಲ್ಲೂ ಸೀರೆ. ಪ್ರತಿ ಸೆರಗಿಗೂ ಒಂದು ಚೀಟಿ, ಚೀಟಿಯಲ್ಲಿ ಹೆಸರು, ಮುಹೂರ್ತದ ತಾರೀಖು, ‘ಮುತ್ತು ಬೇಡ’, ‘ಬೇಬಿ ಕುಚ್ಚು’, ‘ಅಂಚಿನ ಬಣ್ಣದ್ದೇ ದಾರ’ ಎಂಬ ಅಪ್ಪಣೆ. ಎಪ್ಪತ್ತು ದಾಟಿದ ದೊಡ್ಡಮ್ಮ ಕಿಟಕಿಯ ಬೆಳಕಿಗೆ ಕೂತು, ಮಂಡಿಯ ಮೇಲೆ ಸೆರಗು ಹರಡಿಕೊಂಡು ಕ್ರೋಶಾ ಕಡ್ಡಿಯಲ್ಲಿ ಕುಚ್ಚು ಹಾಕುತ್ತಿರುತ್ತಾರೆ. ದೀಪಾವಳಿ ಕಳೆದು ಚಳಿ ಬಿದ್ದರೆ ಕಡ್ಡಿ ಬದಲಾಗುತ್ತದೆ. ಆಗ ಎರಡು ಉದ್ದನೆಯ ಕಡ್ಡಿ, ಮಡಿಲಲ್ಲಿ ಉಲ್ಲನ್ ಉಂಡೆ, ಯಾವುದೋ ಬಾಣಂತಿ ಮನೆಗೆ ಹೋಗಬೇಕಾದ ಕುಲಾವಿ. ಹಾಲಿನವನ ಜೊತೆ ಲೆಕ್ಕಕ್ಕೆ ಜಗಳ ಆಡುವಾಗಲೂ ಅವರ ಕೈ ನಿಲ್ಲುವುದಿಲ್ಲ. ಜಗಳದ ಬಿಸಿ ಹೆಚ್ಚಿದರೆ ಹೆಣಿಗೆ ಬಿಗಿಯಾಗುತ್ತದೆ, ಅಷ್ಟೇ.

ಅವರ ಮೊಮ್ಮಗಳು, ಅಂದರೆ ನನ್ನ ಅಕ್ಕನ ಮಗಳು, ಸಿಂಗಪುರದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯೇ ಒಬ್ಬ ಚೀನೀ ಮನೆತನದ ಹುಡುಗನನ್ನು ಮದುವೆಯಾಗುತ್ತೇನೆಂದು ಅವಳು ಹೇಳಿದಾಗ ಬೀದಿಯವರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಮನೆಯವರೂ ಒಂದು ವಾರ ಮುಖ ಗಂಟಿಕ್ಕಿಕೊಂಡೇ ಇದ್ದರು. ದೊಡ್ಡಮ್ಮ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದರು.

“ಅವ್ರಲ್ಲಿ ತಾಳಿ ಕಟ್ತಾರೇನಮ್ಮಾ?”

ಇಲ್ಲ ಎಂದೆ.

“ಮತ್ತೇನು ಕಟ್ತಾರೆ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದದ್ದರ ಫಲ ಈ ವಾರದ ಅಂಕಣ.

ಚೀನೀಯರ ಮದುವೆಯಲ್ಲಿ ಕೊರಳಿಗೆ ಕಟ್ಟುವ ದಾರವಿಲ್ಲ, ನಿಜ. ಆದರೆ ಅವರ ಭಾಷೆಯಲ್ಲಿ ಮದುವೆಯಾಗುವುದಕ್ಕೆ ‘ಜಿಯೆಹುನ್’ ಎನ್ನುತ್ತಾರೆ, ಅದರ ಮೊದಲ ಅಕ್ಷರದ ಅರ್ಥವೇ ಗಂಟು. ಚೀನೀ ಲಿಪಿಯಲ್ಲಿ ಒಂದೊಂದು ಅಕ್ಷರವೂ ತುಂಡುಗಳನ್ನು ಜೋಡಿಸಿ ಕಟ್ಟಿದ್ದು. ಗಂಟು ಎಂಬ ಅಕ್ಷರದ ಎಡಗಡೆ ನಿಲ್ಲುವ ತುಂಡು ರೇಷ್ಮೆ ಎಳೆಯ ಗುರುತು. ದಾರ ಎಂದು ಬರೆಯಲು ಅದೇ ತುಂಡು ಬೇಕು. ನೇಯುವುದಕ್ಕೂ ಹೆಣೆಯುವುದಕ್ಕೂ ಅದೇ. ಇನ್ನೂ ಸೋಜಿಗವೆಂದರೆ ಕೆಂಪು ಎಂಬ ಬಣ್ಣಕ್ಕೂ ಅದೇ, ಬಣ್ಣವೆಂದರೆ ಎಳೆಗೆ ಹಾಕುವುದು ತಾನೆ. ಹೀಗೆ ಕೆಂಪು, ದಾರ, ಗಂಟು, ಹೆಣಿಗೆ, ಮದುವೆ ಎಲ್ಲಕ್ಕೂ ಬರವಣಿಗೆಯಲ್ಲಿ ಒಂದೇ ರೇಷ್ಮೆ ಎಳೆ ಹಾದುಹೋಗುತ್ತದೆ. ನಾವು ಬ್ರಹ್ಮಗಂಟು ಎನ್ನುತ್ತೇವೆ, ಮೂರು ಗಂಟು ಬಿತ್ತು ಎನ್ನುತ್ತೇವೆ, ಬೇಡದ ಸಂಬಂಧವಾದರೆ ‘ತಂದು ಗಂಟು ಹಾಕಿದರು’ ಎಂದು ಮುಖ ಸಿಂಡರಿಸುತ್ತೇವೆ. ಇದನ್ನೆಲ್ಲ ವಿವರಿಸಿದಾಗ ದೊಡ್ಡಮ್ಮ ತಲೆಯಾಡಿಸಿ, “ಹಂಗಂದ್ರೆ ಸರಿ ಐತೆ ಬಿಡು, ನಮ್ಮ ಕಸುಬಿನೋರೇ” ಎಂದರು.

ಚೀನಾದಲ್ಲಿ ಬ್ರಹ್ಮನ ಈ ಕೆಲಸ ಮಾಡುವವನು ಒಬ್ಬ ಮುದುಕ. ಅವನ ಹೆಸರು ಯುಯೆಲಾವ್, ಬೆಳದಿಂಗಳ ತಾತ. ತಾಂಗ್ ರಾಜವಂಶದ ಕಾಲದ ಒಂದು ಕತೆಯಲ್ಲಿ ಅವನು ರಾತ್ರಿ ಹೊತ್ತು ಚೀಲಕ್ಕೆ ಒರಗಿ ಕೂತು ಪುಸ್ತಕ ಓದುತ್ತಿರುತ್ತಾನೆ. ದಾರಿಹೋಕನೊಬ್ಬ ಚೀಲದಲ್ಲಿ ಏನಿದೆ ಎಂದು ಕೇಳಿದರೆ ಕೆಂಪು ದಾರ ಎನ್ನುತ್ತಾನೆ. ಗಂಡು ಹೆಣ್ಣು ಹುಟ್ಟಿದೊಡನೆ ಅವರ ಕಾಲಿಗೆ ಕಟ್ಟಿಬಿಡುತ್ತೇನೆ, ಆಮೇಲೆ ಇಬ್ಬರ ಮನೆತನಕ್ಕೆ ಹಗೆಯಿರಲಿ, ಒಬ್ಬರು ಶ್ರೀಮಂತರು ಒಬ್ಬರು ಬಡವರಾಗಿರಲಿ, ದೂರದೂರಿನವರೇ ಆಗಿರಲಿ, ಬಿಚ್ಚುವುದಿಲ್ಲ ಎನ್ನುತ್ತಾನೆ. ನಮ್ಮ ಋಣಾನುಬಂಧದ ಮಾತಿಗೂ ಇದಕ್ಕೂ ಬಹಳ ದೂರವೇನಿಲ್ಲ. ಕಾಲಿಗೆ ಕಟ್ಟುತ್ತಾನೆ ಎನ್ನುವುದು ನನಗೆ ಹೆಚ್ಚು ಹಿಡಿಸಿತು. ಇಬ್ಬರ ಕಾಲು ಒಂದೇ ದಾರದಲ್ಲಿದ್ದರೆ ನಡೆಯುವುದು ಹೇಗಿರುತ್ತದೆ ಎಂಬುದು ಮದುವೆಯಾದ ಎಲ್ಲರಿಗೂ ಗೊತ್ತು.

ಈಗ ಕುಚ್ಚಿನ ವಿಷಯ. ಸೀರೆಯನ್ನು ಮಗ್ಗದಿಂದ ಕತ್ತರಿಸಿದಾಗ ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಹಾಗೇ ಬಿಟ್ಟರೆ ಬಟ್ಟೆ ಅಲ್ಲಿಂದ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ಅದಕ್ಕೆ ನಾಲ್ಕಾರು ಎಳೆ ಸೇರಿಸಿ ಹೊಸೆದು ಒಂದೊಂದು ಗಂಟು ಹಾಕುತ್ತಿದ್ದರು. ಅದೇ ಕುಚ್ಚಿನ ಮೂಲ. ಸಿಂಗಾರವೆಲ್ಲ ಆಮೇಲೆ ಬಂದದ್ದು. ನನ್ನ ಅಜ್ಜಿಯ ಧಾರೆ ಸೀರೆಗೆ ಇದ್ದದ್ದು ಹೊಸೆದ ಗಂಟು ಮಾತ್ರ. ಬೇರೆ ದಾರ ತಂದು, ಮಣಿ ಪೋಣಿಸಿ, ಕ್ರೋಶಾದಲ್ಲಿ ಕಮಾನು ಕಟ್ಟಿ, ಅದರ ಕೆಳಗೆ ಸಾಲಾಗಿ ತೂಗಾಡಿಸುವ ಈಗಿನ ಕುಚ್ಚು ನಮ್ಮೂರಿಗೆ ಬಂದು ಎಷ್ಟು ಕಾಲವಾಯಿತು ಎಂದು ದೊಡ್ಡಮ್ಮನನ್ನು ಕೇಳಿದೆ. ಅವರು ಬೆರಳು ಮಡಚಿ, “ನಿನ್ನ ಮದ್ವೇಲಿ ಇರ್ಲಿಲ್ಲ” ಎಂದರು. ನನ್ನದೇನೂ ಪುರಾತನ ಮದುವೆಯಲ್ಲ. ಆದರೂ ಈಗ ಕುಚ್ಚಿಲ್ಲದ ಮದುವೆ ಸೀರೆಯನ್ನು ಬೀಗರ ಮುಂದೆ ಇಟ್ಟರೆ ಶಾಸ್ತ್ರ ತಪ್ಪಿದಂತೆ ನೋಡುತ್ತಾರೆ.

ಚೀನೀ ಗಂಟಿನ ಕತೆಯೂ ಇಂಥದೇ. ಕೆಂಪು ಹುರಿಯಲ್ಲಿ ಹೆಣೆದು ಕೆಳಗೆ ಕುಚ್ಚು ಇಳಿಬಿಟ್ಟ ಅಲಂಕಾರವನ್ನು ನೀವು ಚೈನೀಸ್ ಹೋಟೆಲಿನ ಬಾಗಿಲಲ್ಲೋ ಕಾರಿನ ಕನ್ನಡಿಯಲ್ಲೋ ನೋಡಿರುತ್ತೀರಿ. ಒಂದೇ ಹುರಿ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಕಾಣುವುದಿಲ್ಲ. ಈ ಆಕಾರ ಬೌದ್ಧರ ಅಷ್ಟಮಂಗಲಗಳಲ್ಲಿರುವ ಕೊನೆಯಿಲ್ಲದ ಗಂಟಿನದು, ಆ ಲೆಕ್ಕದಲ್ಲಿ ಅದರ ಬೇರು ನಮ್ಮ ಕಡೆಗೇ ಚಾಚುತ್ತದೆ. ಚೀನಾದ ಹಳೆಯ ಉಡುಪುಗಳ ಸೊಂಟಪಟ್ಟಿಯಲ್ಲಿ, ಬೀಸಣಿಗೆಯ ಹಿಡಿಯಲ್ಲಿ, ಕೊಳಲಿನ ತುದಿಯಲ್ಲಿ ಇಂಥ ಗಂಟುಗಳಿದ್ದವು. ಇಪ್ಪತ್ತನೆಯ ಶತಮಾನದ ನಡುವಿಗೆ ಅವನ್ನು ಹಾಕಬಲ್ಲ ಕೈಗಳು ತೀರ ಕಡಿಮೆಯಾಗಿದ್ದವು. ತೈವಾನಿನ ಲಿಡಿಯಾ ಚೆನ್ ಎಂಬಾಕೆ ಹಳೆಯ ಗಂಟುಗಳನ್ನು ಹುಡುಕಿ, ಬಿಚ್ಚಿ ನೋಡಿ, ಹಾಕುವ ಕ್ರಮವನ್ನು ಚಿತ್ರಸಮೇತ ಬರೆದು 1981ರಲ್ಲಿ ಪುಸ್ತಕ ಮಾಡಿದರು. ಆಮೇಲೆ ಅದು ಮನೆಮನೆಯ ಹವ್ಯಾಸವಾಯಿತು. ಇಂದು ‘ಚೀನೀ ಗಂಟು’ ಎಂದು ಲೋಕವೆಲ್ಲ ಗುರುತಿಸುವ ಮಂಗಳವಸ್ತುವಿನ ಹಿಂದೆ ಕೂತು ಬಿಚ್ಚಿ ಕಟ್ಟಿದ ಒಬ್ಬ ಹೆಂಗಸಿನ ಬೆರಳುಗಳಿವೆ.

ಮದುವೆಯ ಉಡುಪನ್ನೇ ನೋಡಿ. ಕೊರಳಪಟ್ಟಿ ನಿಮಿರಿದ, ಮೈಗಂಟಿದ ಕೆಂಪು ಚಿಪಾವ್ ನಿಲುವಂಗಿ ಚೀನೀ ವಧುವಿನ ಪುರಾತನ ವೇಷವೆಂದು ನಾವು ತಿಳಿದಿದ್ದೇವೆ. ಅದು ಈಗಿನ ರೂಪಕ್ಕೆ ಬಂದದ್ದು 1920ರ ದಶಕದಲ್ಲಿ, ಶಾಂಘೈ ನಗರದ ದರ್ಜಿಗಳ ಕೈಯಲ್ಲಿ. ಅದರ ಗುಂಡಿಯನ್ನು ಅಂಗಡಿಯಿಂದ ತಂದು ಹೊಲಿಯುವುದಿಲ್ಲ. ಅದೇ ಬಟ್ಟೆಯ ಓರೆಪಟ್ಟಿಯನ್ನು ಮಡಿಸಿ ಹುರಿಮಾಡಿ ಗಂಟು ಹಾಕಿದರೆ ಅದೇ ಗುಂಡಿ. ದಕ್ಷಿಣದ ಕ್ಯಾಂಟನ್ ಕಡೆಯವರು ತೊಡಿಸುವ ಕುವಾ ಎಂಬ ಜೋಡಿ ಉಡುಪು ಇನ್ನೂ ಹಳೆಯ ಜಾಡಿನದು. ಅದರ ಮೇಲೆ ಜರಿ ಎಳೆಯಲ್ಲಿ ಡ್ರ್ಯಾಗನ್ ಮತ್ತು ಫೀನಿಕ್ಸ್ ಕಸೂತಿ. ಕಸೂತಿ ಎಷ್ಟು ದಟ್ಟವೋ ಅಷ್ಟು ಬೆಲೆ. ಕೆಂಪು ಬಟ್ಟೆಯೇ ಕಾಣದಷ್ಟು ತುಂಬಿದರೆ ಅದನ್ನು ಕುವಾಗಳ ಚಕ್ರವರ್ತಿ ಎಂಬಂತೆ ಕರೆದು ಬಾಡಿಗೆಗೇ ದುಬಾರಿ ಹಣ ವಸೂಲು ಮಾಡುತ್ತಾರೆ. ಈ ಕಾಲದ ಸಿಂಗಪುರದ ಹುಡುಗಿ ಬೆಳಗ್ಗೆ ಕೆಂಪು ತೊಟ್ಟು ಚಹಾ ಕೊಟ್ಟು, ಸಂಜೆ ಬಿಳಿ ಗೌನು ತೊಟ್ಟು ಔತಣಕ್ಕೆ ಬರುತ್ತಾಳೆ. ಸಂಪ್ರದಾಯ ಪುಸ್ತಕದಲ್ಲಿ ಎಷ್ಟು ಹಳೆಯದು ಎನ್ನುವುದಕ್ಕಿಂತ, ಅದನ್ನು ಮಾಡಲು ಈ ಹೊತ್ತು ಯಾರ ಕೈ ಪುರುಸೊತ್ತಾಗಿದೆ ಎಂಬುದೇ ಅದರ ಆಯಸ್ಸನ್ನು ಹೇಳುತ್ತದೆ ಎಂದು ನನಗೆ ಅನ್ನಿಸತೊಡಗಿದ್ದು ಈ ಹುಡುಕಾಟದಲ್ಲಿ.

ಶಾಸ್ತ್ರದ ಪಟ್ಟಿಯನ್ನು ಬೇಗ ಮುಗಿಸುತ್ತೇನೆ. ಅವರಲ್ಲಿ ‘ಆರು ವಿಧಿ’ ಎಂದು ಹಳೆಯ ಕ್ರಮ. ಸಂಬಂಧ ಕೇಳುವುದು, ಹೆಸರು ಮತ್ತು ಹುಟ್ಟಿದ ಗಳಿಗೆ ಕೇಳುವುದು, ಕೂಡಿಬರುತ್ತದೋ ನೋಡುವುದು, ಉಡುಗೊರೆ ಕಳಿಸುವುದು, ದಿನ ಗೊತ್ತುಮಾಡುವುದು, ಕೊನೆಗೆ ಗಂಡು ಬಂದು ಹೆಣ್ಣನ್ನು ಕರೆದೊಯ್ಯುವುದು. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ಒಂದೊಂದಕ್ಕೂ ಎರಡೆರಡು ಅಕ್ಷರದಂತೆ ಎಂಟು ಅಕ್ಷರದ ಜಾತಕ. ಮದುವೆಯ ಹಿಂದಿನ ರಾತ್ರಿ ಗಂಡ ಮಕ್ಕಳೊಂದಿಗೆ ತುಂಬು ಸಂಸಾರ ನಡೆಸುತ್ತಿರುವ ಹೆಂಗಸೊಬ್ಬಳು ಬಂದು ವಧುವಿನ ತಲೆ ಬಾಚುತ್ತಾಳೆ. ಮುತ್ತೈದೆ ಎಂಬ ಪದಕ್ಕೆ ಇದಕ್ಕಿಂತ ಹತ್ತಿರದ ಅನುವಾದ ನನಗೆ ಸಿಗಲಿಲ್ಲ. ಬೆಳಗ್ಗೆ ಗಂಡಿನ ಕಡೆಯವರು ಬಂದರೆ ಹುಡುಗಿಯ ಗೆಳತಿಯರು ಬಾಗಿಲು ಅಡ್ಡಗಟ್ಟಿ ಹಣ ಕೇಳುತ್ತಾರೆ. ಮೂಡಲ ಬಾಗಿಲು ಎಂದೇ ಹೆಸರಾದ ಊರಿನವರಾದ ನಮಗೆ ಇದು ಅರ್ಥವಾಗದ್ದೇನಲ್ಲ.

ಆದರೆ ಒಂದು ಕಡೆ ನಮ್ಮಿಬ್ಬರ ದಾರಿ ಪೂರ್ತಿ ತಿರುಗುಮುರುಗು. ಚೀನಾದಲ್ಲಿ ಹಣ ಹೋಗುವುದು ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ. ಅದಕ್ಕೆ ತ್ಸಾಯ್‌ಲಿ ಎಂದು ಹೆಸರು. ಹಳ್ಳಿಗಾಡಿನಲ್ಲಿ ಅದು ಎಷ್ಟು ಏರಿದೆಯೆಂದರೆ ಗಂಡುಮಕ್ಕಳ ತಂದೆತಾಯಿ ಸಾಲಕ್ಕೆ ಬೀಳುತ್ತಾರೆ. ಮದುವೆ ಮುರಿದರೆ ಆ ಹಣ ಹಿಂತಿರುಗಬೇಕೇ ಬೇಡವೇ ಎಂಬ ವ್ಯಾಜ್ಯಗಳಿಗಾಗಿ ಅಲ್ಲಿನ ಸುಪ್ರೀಂ ಕೋರ್ಟು 2024ರ ಫೆಬ್ರವರಿ 1ರಿಂದ ಜಾರಿಗೆ ಬರುವಂತೆ ಬೇರೆಯೇ ನಿಯಮ ಮಾಡಬೇಕಾಯಿತು. 1960–70ರ ದಶಕಗಳಲ್ಲಿ ಹಣದ ಮಾತು ಬಾಯಲ್ಲಿ ಬರುವಂತಿರಲಿಲ್ಲ, ಆಗ ಹೆಣ್ಣಿನವರು ಕೇಳುತ್ತಿದ್ದದ್ದು ‘ಮೂರು ತಿರುಗುವುದು, ಒಂದು ಸದ್ದು ಮಾಡುವುದು’. ತಿರುಗುವವು ಸೈಕಲ್, ಹೊಲಿಗೆ ಯಂತ್ರ, ಕೈಗಡಿಯಾರ. ಸದ್ದು ಮಾಡುವುದು ರೇಡಿಯೊ.

ಇದನ್ನು ಓದಿದಾಗ ನಾನು ಗಟ್ಟಿಯಾಗಿ ನಕ್ಕೆ. ಅದೇ ದಶಕಗಳಲ್ಲಿ ಕೋಲಾರ ಸೀಮೆಯ ಗಂಡು ಕೇಳುತ್ತಿದ್ದ ಪಟ್ಟಿಯೂ ಸೈಕಲ್, ವಾಚು, ರೇಡಿಯೊ! ಸಾಮಾನು ಅದೇ, ಹೊತ್ತುಕೊಂಡು ಹೋಗುವ ದಿಕ್ಕು ಮಾತ್ರ ಬೇರೆ. ನಮ್ಮಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ವಾಚು ತಯಾರಿ ಶುರುವಾದದ್ದೂ 1961ರಲ್ಲೇ. ಒಂದು ಕಡೆ ಸರ್ಕಾರ ಕೊಡಬೇಡಿ ಎಂದಿತು, ಇನ್ನೊಂದು ಕಡೆ ಅಳಿಯನ ಮಣಿಕಟ್ಟಿಗೆ ಕಟ್ಟಲು ಒಳ್ಳೆಯ ವಾಚನ್ನೂ ಮಾಡಿಕೊಟ್ಟಿತು. ದೊಡ್ಡಪ್ಪನ ಎಚ್‌ಎಂಟಿ ಇನ್ನೂ ದೊಡ್ಡಮ್ಮನ ಬೀರುವಿನಲ್ಲಿದೆ. ತಿರುಗುವುದು ನಿಂತು ಬಹಳ ವರ್ಷವಾಯಿತು.

ಆ ಚೀನೀ ಪಟ್ಟಿಯಲ್ಲಿ ಹೊಲಿಗೆ ಯಂತ್ರವಿತ್ತು, ಹೆಣಿಗೆ ಇರಲಿಲ್ಲ. ಹೆಣೆಯಲು ಎರಡು ಕಡ್ಡಿ ಸಾಕಲ್ಲ. ಉಲ್ಲನ್ ಹೆಣಿಗೆ ಚೀನಾದ ಹಳೆಯ ವಿದ್ಯೆಯೇನೂ ಅಲ್ಲ. ನಮಗೆ ಬ್ರಿಟಿಷರ ಜೊತೆ ಬಂದಂತೆ ಅವರಿಗೂ ಬಂದರುಪಟ್ಟಣಗಳ ಪಾಶ್ಚಾತ್ಯರ ಜೊತೆ ಬಂತು. 1930ರ ದಶಕದಲ್ಲಿ ಶಾಂಘೈನ ಹೆಂಗಸರಿಗೆ ಅದರ ಹುಚ್ಚು ಹಿಡಿಯಿತು. 1932ರಲ್ಲಿ ತಿಯಾಂಜಿನ್ ನಗರದಲ್ಲಿ ಶುರುವಾದ ಸ್ವದೇಶಿ ಕಂಪನಿಯೊಂದು ತನ್ನ ಉಲ್ಲನ್ನಿಗೆ ‘ದಿಯಾಂಗ್’ ಎಂದು ಹೆಸರಿಟ್ಟಿತು. ಬರೆದದ್ದನ್ನು ನೋಡಿದರೆ ಕುರಿ ಕಾಣುತ್ತದೆ, ಕಿವಿಗೆ ‘ಪರದೇಶಿಯನ್ನು ತಡೆ’ ಎಂದು ಕೇಳಿಸುತ್ತದೆ. ನಮ್ಮಲ್ಲಿ ಖಾದಿ ಮಾಡಿದ ಕೆಲಸವನ್ನು ಅಲ್ಲಿ ಉಲ್ಲನ್ ಉಂಡೆಯೂ ಸ್ವಲ್ಪ ಮಾಡಿತು.

ಮಾವೊ ಕಾಲದಲ್ಲಿ ಬಟ್ಟೆಗೆ ಕೂಪನ್ ಪದ್ಧತಿ ಬಂದಾಗ ಹೆಣಿಗೆ ಹವ್ಯಾಸವಾಗಿ ಉಳಿಯಲಿಲ್ಲ, ಮನೆ ನಡೆಸುವ ಜಾಣತನವಾಯಿತು. ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಬಿಳಿ ಹತ್ತಿ ಕೈಗವಸು ಕೊಡುತ್ತಿದ್ದರು. ಹೆಂಗಸರು ಅವನ್ನು ತೊಡದೆ ಕೂಡಿಟ್ಟು, ಬಿಚ್ಚಿ, ಆ ದಾರದಿಂದ ಮಕ್ಕಳಿಗೆ ಒಳಅಂಗಿ ಹೆಣೆಯುತ್ತಿದ್ದರು. ಮದುವೆಗೆ ಗೊತ್ತಾದ ಹುಡುಗನಿಗೆ ಸ್ವೆಟರ್ ಹೆಣೆದುಕೊಡುವುದು ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳುವ ದಾರಿಯಾಗಿತ್ತು. ನಮ್ಮ ಹುಡುಗಿಯ ಅತ್ತೆ ಶಾಂಘೈ ಹತ್ತಿರದ ಊರಿನವರು. ತಮ್ಮ ತಾಯಿ ಬಿಚ್ಚಿದ ಕೈಗವಸುಗಳ ಲೆಕ್ಕವನ್ನು ಈಗಲೂ ಹೇಳುತ್ತಾರಂತೆ. ದೊಡ್ಡಮ್ಮನಿಗೆ ಇದು ಬಹಳ ಮೆಚ್ಚಿಗೆಯಾಯಿತು. ಹಳೆ ಸ್ವೆಟರ್ ಬಿಚ್ಚಿದ ಉಲ್ಲನ್ ಸುರುಳಿಸುರುಳಿಯಾಗಿರುತ್ತದೆ, ಅದನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದರೆ ನೆಟ್ಟಗಾಗುತ್ತದೆ ಎಂಬುದು ಅವರ ಸ್ವಂತ ವಿದ್ಯೆ. “ಬೀಗಿತ್ತಿ ಹಬೆಗೆ ಏನಿಡ್ತಾರೋ ಕೇಳು” ಎಂದು ನನಗೆ ಹೇಳಿದರು. ಟೀ ಕೆಟ್ಲು ಎಂದು ಉತ್ತರ ಬಂತು.

ಒಂದು ಮಾತು ಅಡ್ಡ ಬರುತ್ತದೆ, ಹೇಳಿಬಿಡುತ್ತೇನೆ. ನಮ್ಮ ಕಡೆ ಬಹಳ ಕಾಲ ‘ಚೀನಾದವರು’ ಎಂದರೆ ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿಯನ್ನರು. ಚೀನಾದಿಂದಲೇ ತಪ್ಪಿಸಿಕೊಂಡು ಬಂದು ಬೈಲಕುಪ್ಪೆಯಂಥ ಕಡೆ ನೆಲೆನಿಂತ ಜನಕ್ಕೆ ಚೀನಾದವರೆಂದೇ ಕರೆಯುವ ಕ್ರೂರ ತಮಾಷೆಯನ್ನು ನಾವು ಗೊತ್ತಿಲ್ಲದೆ ಮಾಡಿದೆವು. ಆಮೇಲೆ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆ ಬಂದಾಗ ಅಲ್ಲಿಗೆ ಬಂದ ತೈವಾನಿನ ಎಂಜಿನಿಯರುಗಳೂ ಅದೇ ಹೆಸರಿಗೆ ಬಿದ್ದರು. 2023ರಲ್ಲಿ ಕಾರ್ಖಾನೆ ಟಾಟಾ ಕೈಗೆ ಹೋಯಿತು, ಹೆಸರು ಮಾತ್ರ ಹೆದ್ದಾರಿಯ ಡಾಬಾಗಳಲ್ಲಿ ಉಳಿಯಿತು. ನಮ್ಮ ಮನೆಗೆ ನಿಜವಾಗಿಯೂ ಚೀನಾ ಮೂಲದ ಬೀಗರು ಬಂದಾಗ ಬೀದಿಯ ಹುಡುಗನೊಬ್ಬ “ಸ್ವೆಟರ್ ಎಲ್ಲಿ?” ಎಂದು ಕೇಳಿದ.

ಮದುವೆ ಸಿಂಗಪುರದಲ್ಲಿ ನೋಂದಣಿಯಾಗಿ, ಧಾರೆ ಮುಳಬಾಗಿಲಿನ ಛತ್ರದಲ್ಲಿ ನಡೆಯಿತು. ಲಗ್ನಪತ್ರಿಕೆಯನ್ನು ಮೊದಲು ಕುರುಡುಮಲೆ ಗಣಪನ ಮುಂದಿಟ್ಟು ಬಂದೆವು. ತೊಡಕು ಬಂದದ್ದು ಸೀರೆಯಲ್ಲಿ. ನಮ್ಮ ಮನೆಯಲ್ಲಿ ಧಾರೆ ಸೀರೆ ಬಿಳಿ, ಅದಕ್ಕೆ ಕೆಂಪಂಚು. ಚೀನೀಯರ ಹಳೆಯ ಲೆಕ್ಕದಲ್ಲಿ ಬಿಳಿ ಸಾವಿನ ಮನೆಯ ಬಣ್ಣ. ಗೌನಿನ ಬಿಳಿಗೆ ಒಗ್ಗಿಕೊಂಡಿದ್ದರೂ ಹುಡುಗನ ಅಜ್ಜಿಗೆ ಮಂಟಪದಲ್ಲಿ ಬಿಳಿ ಎಂದರೆ ಎದೆ ಝಲ್ಲೆನ್ನಬಹುದೆಂದು ನಮ್ಮ ಹುಡುಗಿ ಮೊದಲೇ ಎಚ್ಚರಿಸಿದ್ದಳು. ಸೀರೆ ಬದಲಿಸೋಣ ಎಂದು ಕೆಲವರು, ಏನಾದರೂ ಸರಿ ಬದಲಿಸಕೂಡದೆಂದು ಕೆಲವರು. ದೊಡ್ಡಮ್ಮ ಸೀರೆಯನ್ನು ಮಡಿಲಿಗೆ ಎಳೆದುಕೊಂಡು, “ಕುಚ್ಚು ಕೆಂಪಗೆ ಹಾಕ್ತೀನಿ, ದಪ್ಪಗೆ. ದೂರದಿಂದ ಅದೇ ಕಾಣಬೇಕು, ಹಂಗೆ” ಎಂದರು.

ಹುಡುಗಿ ಫೋನಿನಲ್ಲಿ ‘ತೋಂಗ್‌ಶಿನ್’ ಗಂಟಿನ ಚಿತ್ರ ಕಳಿಸಿದಳು. ಅದರ ಅರ್ಥ ಒಂದೇ ಮನಸ್ಸು. ಒಂದು ಸಾದಾ ಗಂಟನ್ನು ಸಡಿಲವಾಗಿ ಹಾಕಿ, ಇನ್ನೊಂದು ತುದಿಯನ್ನು ಅದರ ಹೊಟ್ಟೆಯೊಳಗಿಂದ ತಂದು ಎರಡನೆಯದನ್ನು ಹಾಕಬೇಕು. ಎರಡೂ ತುದಿ ಹಿಡಿದು ಎಳೆದರೆ ಎರಡು ಗಂಟೂ ಒಂದರ ಮಗ್ಗುಲಿಗೆ ಒಂದು ಬಂದು ಕೂರುತ್ತವೆ. ಒಂದನ್ನು ಮಾತ್ರ ಎಳೆದರೆ ಎರಡೂ ಕೆಡುತ್ತವೆ. ದೊಡ್ಡಮ್ಮ ಮೊದಲು ಕುಚ್ಚಿನ ದಾರದಲ್ಲಿ ಮಾಡಲು ಹೋಗಿ ಸೋತರು. ತೆಳು ದಾರಕ್ಕೆ ಆ ಆಕಾರ ನಿಲ್ಲುವುದಿಲ್ಲ, ಅದಕ್ಕೆ ಹುರಿ ಬೇಕು. ಲಂಗದ ಲಾಡಿ ಕಿತ್ತು ಅದರಲ್ಲಿ ಅಭ್ಯಾಸ ಮಾಡಿದರು. ಮೂರು ದಿನ ಮನೆಯಲ್ಲಿ ಎಲ್ಲಿ ನೋಡಿದರೂ ಗಂಟುಬಿದ್ದ ಲಾಡಿಗಳು. ನಾಲ್ಕನೆಯ ದಿನ ಎಂಟು ಎಳೆ ಕೆಂಪು ದಾರ ಹೊಸೆದು ಹುರಿ ಮಾಡಿ ಮೊದಲ ಗಂಟನ್ನು ಕೂರಿಸಿದರು. ಸೆರಗಿನ ಉದ್ದಕ್ಕೂ ಅದೇ ಗಂಟು, ಕೆಳಗೆ ನಮ್ಮ ಬೇಬಿ ಕುಚ್ಚು. ಅದನ್ನು ನೋಡಿದ ಹುಡುಗನ ಅಜ್ಜಿ ಬಿಳಿಯ ವಿಷಯ ಎತ್ತಲೇ ಇಲ್ಲ. ಸೆರಗನ್ನು ಹತ್ತಿರ ಎಳೆದು ಗಂಟಿನ ಹಿಂಬದಿಯನ್ನು ತಿರುಗಿಸಿ ನೋಡಿದರು. ಕೆಲಸ ಬಲ್ಲವರು ನೋಡುವುದು ಹಿಂಬದಿಯನ್ನೇ.

ರೇಷ್ಮೆಯ ಮಾತು ಬಿಟ್ಟರೆ ಕೋಲಾರದವಳಾಗಿ ತಪ್ಪಾಗುತ್ತದೆ. ಚಿನ್ನ, ಹಾಲು, ರೇಷ್ಮೆ ಎಂದು ನಮ್ಮ ಜಿಲ್ಲೆಯನ್ನು ಹೊಗಳುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿ ಚಿನ್ನ ಹೋಯಿತು. ಹಾಲು ಮತ್ತು ರೇಷ್ಮೆ ಉಳಿದವು. ಹುಳು ಸಾಕುವುದನ್ನು ಮೊದಲು ಕಲಿತ ಚೀನೀಯರು ಆ ಗುಟ್ಟನ್ನು ಬಹಳ ಕಾಲ ಯಾರಿಗೂ ಬಿಟ್ಟುಕೊಡಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪು ಸುಲ್ತಾನ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆ ಹಾಕಿಸಿದ. ಈಗ ಅದೇ ಚೀನಾದ ಅಗ್ಗದ ರೇಷ್ಮೆ ಎಂದರೆ ನಮ್ಮ ರೈತನಿಗೆ ಸಿಟ್ಟು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಈ ಭಾಗದ ರೈತರು ಬೀದಿಗಿಳಿದದ್ದು ಯಾರೂ ಮರೆತಿಲ್ಲ. ಹಾಗಾಗಿ ಬೀಗರು ಉಡುಗೊರೆಯಾಗಿ ರೇಷ್ಮೆ ತರುತ್ತಾರಂತೆ ಎಂದಾಗ ಹುಳು ಸಾಕುವ ನಮ್ಮ ಚಿ‌ಕ್ಕಪ್ಪನ ಮುಖ ನೋಡುವಂತಿತ್ತು.

ಅವರು ತಂದದ್ದು ಸೀರೆಯಲ್ಲ, ರಜಾಯಿ. ಶಾಂಘೈ ಆಸುಪಾಸಿನಲ್ಲಿ ಮಗಳ ಮದುವೆಗೆ ರೇಷ್ಮೆಯ ಅರಳೆ ತುಂಬಿದ ರಜಾಯಿ ಕೊಡುವುದು ರೂಢಿ. ಆ ಅರಳೆ ಎಲ್ಲಿಂದ ಬರುತ್ತದೆಂದು ತಿಳಿದಾಗ ಚಿಕ್ಕಪ್ಪ ದಂಗಾದರು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಾಗ ಜಾಗ ಇಕ್ಕಟ್ಟಾದರೆ ಎರಡು ಹುಳು ಒಟ್ಟಿಗೆ ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಎರಡರ ಎಳೆಯೂ ತೊಡಕಿಕೊಂಡಿರುವುದರಿಂದ ಅದನ್ನು ಸರಾಗವಾಗಿ ಬಿಚ್ಚಲಾಗದು. ನಮ್ಮ ಮಾರುಕಟ್ಟೆಯಲ್ಲಿ ಇಂಥ ಡಬಲ್ ಗೂಡು ಕಂಡರೆ ರೀಲರು ಮೂಗು ಮುರಿಯುತ್ತಾನೆ, ಲಾಟಿನ ಬೆಲೆಯೇ ಇಳಿಯುತ್ತದೆ. ಅಲ್ಲಿ ಅದೇ ಡಬಲ್ ಗೂಡನ್ನು ಆರಿಸಿ, ಬೇಯಿಸಿ, ನೀರಿನಲ್ಲೇ ಬಿಡಿಸಿ ಬಲೆಯಂತೆ ಹಿಗ್ಗಿಸಿ, ಪದರದ ಮೇಲೆ ಪದರ ಹಾಸಿ ಮದುವೆಯ ರಜಾಯಿ ಮಾಡುತ್ತಾರೆ. ಜೋಡಿಯಾಗಿ ಕಟ್ಟಿದ ಗೂಡು, ಬಿಡಿಸಲಾಗದ ಎಳೆ ಎಂಬ ಮಾತನ್ನು ಮಾರುವವರು ಚೆನ್ನಾಗಿಯೇ ಬಳಸಿಕೊಳ್ಳುತ್ತಾರೆ. ಚಿಕ್ಕಪ್ಪ ರಜಾಯಿಯ ಹೊಲಿಗೆ ಬಿಚ್ಚಿ ಒಂದು ಎಳೆ ಹಿಗ್ಗಿಸಿ ನೋಡಿ, ಕಿಲೋಗೆ ಎಷ್ಟಂತೆ ಎಂದು ವಿಚಾರಿಸಿದರು. ಹುಳು ಗೂಡು ಕಟ್ಟುವಾಗ ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತದೆ ಎಂದು ಅವರು ಹೇಳಿದ್ದನ್ನು ನಮ್ಮ ಹುಡುಗಿ ಚೀನೀ ಭಾಷೆಗೆ ದಾಟಿಸಿದಳು. ಬೀಗರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು. ನಮಗೆ ಯಾಕೆಂದು ತಿಳಿಯಲಿಲ್ಲ.

ಯಾಕೆಂದರೆ ಎಂಟು ಅವರಿಗೆ ಸಿರಿಯ ಅಂಕಿ. ನಾಲ್ಕು ಸಾವಿನ ಸದ್ದು ಮಾಡುತ್ತದೆ, ಅದು ಬೇಡ. ಮದುವೆಗೆ ಎಲ್ಲವೂ ಜೋಡಿ ಸಂಖ್ಯೆಯಲ್ಲಿರಬೇಕು. ಸಂತೋಷ ಎಂಬ ಅಕ್ಷರವನ್ನು ಅಕ್ಕಪಕ್ಕ ಎರಡು ಬಾರಿ ಬರೆದು ಕೆಂಪು ಕಾಗದದಲ್ಲಿ ಕತ್ತರಿಸಿ ಬಾಗಿಲಿಗೆ ಅಂಟಿಸುತ್ತಾರೆ, ಅದೇ ಅವರ ತೋರಣ. ಉಡುಗೊರೆಯ ಹಣವನ್ನು ಕೆಂಪು ಲಕೋಟೆಯಲ್ಲಿಟ್ಟು ಕೊಡುತ್ತಾರೆ. ಬೆಸ ಸಂಖ್ಯೆಯ ಹಣ ಸಾವಿನ ಮನೆಗೆ. ನಾವೋ, 101, 501, 1,001. ಸೊನ್ನೆಗೆ ನಿಲ್ಲಬಾರದು, ಮುಂದೆ ಬೆಳೆಯಬೇಕು ಎಂದು ಒಂದು ರೂಪಾಯಿ ಸೇರಿಸದೆ ಕೊಟ್ಟವನು ಲೋಭಿ.

ಚಹಾ ಶಾಸ್ತ್ರದ ಹೊತ್ತಿಗೆ ಈ ಎರಡು ಲೆಕ್ಕ ಹೊಂದಿಸುವ ಪ್ರಶ್ನೆ ಎದುರಾಯಿತು. ಚೀನೀ ಮದುವೆಯ ತಿರುಳು ಈ ಶಾಸ್ತ್ರವೇ. ಮಂತ್ರವಿಲ್ಲ, ಪುರೋಹಿತರಿಲ್ಲ. ಹೊಸ ದಂಪತಿ ಮಂಡಿಯೂರಿ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಹಿರಿಯರನ್ನು ಒಬ್ಬೊಬ್ಬರನ್ನಾಗಿ ಸಂಬಂಧ ಹಿಡಿದು ಕರೆದು ಚಹಾ ಕೊಡುತ್ತಾರೆ. ಕುಡಿದರೆ ಒಪ್ಪಿಕೊಂಡಂತೆ. ಬಟ್ಟಲಲ್ಲಿ ಹಾಲಿಲ್ಲ, ಒಣಗಿಸಿದ ಕೆಂಪು ಹಣ್ಣು ಮತ್ತು ತಾವರೆ ಬೀಜ. ಆ ಹಣ್ಣು ನಮ್ಮ ಎಲಚಿಯ ಹತ್ತಿರದ ನೆಂಟ. ಅದರ ಹೆಸರು ‘ಬೇಗ’ ಎಂದೂ ಕೇಳಿಸುತ್ತದೆ, ತಾವರೆ ಬೀಜದ ಹೆಸರು ‘ಸಾಲಾಗಿ ಗಂಡುಮಕ್ಕಳು’ ಎಂದೂ ಕೇಳಿಸುತ್ತದೆ. ಬೇಗ ಮಕ್ಕಳಾಗಲಿ ಎಂದು ಬಾಯಿಬಿಟ್ಟು ಹೇಳದೆ ದಂಪತಿಗೂ ಕುಡಿಸಿಬಿಡುತ್ತಾರೆ. ನಮ್ಮ ಹುಡುಗಿ ತಾವರೆ ಬೀಜವನ್ನು ಜಾಣತನದಿಂದ ತಳದಲ್ಲೇ ಬಿಟ್ಟಳು.

ಇಂಗ್ಲಿಷಿನವನಿಗೆ ಎಲ್ಲರೂ ಅಂಕಲ್. ಚೀನೀಯರಿಗೆ ಹಾಗಲ್ಲ. ಅಪ್ಪನ ಅಣ್ಣ ‘ಬೋಫು’, ಅಪ್ಪನ ತಮ್ಮ ‘ಶುಶು’, ಅಮ್ಮನ ಅಣ್ಣತಮ್ಮ ‘ಜಿಯುಜಿಯು’. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಹುಡುಗನಿಗೆ ಕಲಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಖಾನೆಗಳು ಅವನ ತಲೆಯಲ್ಲಿ ಮೊದಲೇ ಇದ್ದವು. ಅವನಿಗೆ ಅರ್ಥವಾಗದೆ ಹೋದದ್ದು ಒಂದೇ, ಅಕ್ಕನ ಮಗಳನ್ನು ಮದುವೆಯಾದ ನಮ್ಮ ಮಾವನೊಬ್ಬರಿಗೆ ಏನೆಂದು ಕರೆಯಬೇಕು ಎಂಬುದು. ಚೀನಾದ 1980ರ ವಿವಾಹ ಕಾಯ್ದೆ ಅಂಥ ಹತ್ತಿರದ ಸಂಬಂಧಗಳನ್ನೆಲ್ಲ ನಿಷೇಧಿಸಿತು. ಅವರಿಗೆ ಎರಡು ಬಟ್ಟಲು ಚಹಾ ಕೊಟ್ಟು ಸಮಸ್ಯೆ ಬಗೆಹರಿಸಿದ.

ಸಿಂಗಪುರದಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಚಹಾ ಮುಳಬಾಗಿಲಿನಲ್ಲಿ ಮಧ್ಯಾಹ್ನದ ಊಟದವರೆಗೂ ನಡೆಯಿತು. ನಮ್ಮಲ್ಲಿ ಹಿರಿಯರಿಗೆ ಬರವೇ? ಮಾವಂದಿರು, ದೊಡ್ಡಪ್ಪಂದಿರು, ಆವಣಿಯಿಂದ ಬಂದ ಮಾವನ ಬೀಗರು, ಕೊನೆಗೆ ಅಡಿಗೆ ಭಟ್ಟರೂ ಸಾಲಿನಲ್ಲಿ ಕೂತರು. ಚಹಾ ಕುಡಿದವರು ಕೆಂಪು ಲಕೋಟೆ ಕೊಡಬೇಕು. ಒಳಗೆ ಎಷ್ಟಿಡಬೇಕು? 1,001 ಇಟ್ಟರೆ ಅವರಿಗೆ ಸೂತಕ, 1,000 ಇಟ್ಟರೆ ನಮಗೆ ಅಪಶಕುನ. ಮೂಲೆಯಲ್ಲಿ ಕೂತು ಕುಲಾವಿ ಹೆಣೆಯುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ ಹೇಳಿದರು, “ಸಾವಿರದ ಎಂಟು ಇಡ್ರೋ.” ಜೋಡಿ ಸಂಖ್ಯೆಯೂ ಆಯಿತು, ಕೊನೆಗೆ ಎಂಟೂ ಬಂತು, ನಮ್ಮ ದೇವರ ಅಷ್ಟೋತ್ತರ ಸಹಸ್ರವೂ ಆಯಿತು. ಎಂಟು ರೂಪಾಯಿ ಚಿಲ್ಲರೆಗಾಗಿ ಬಜಾರು ಬೀದಿಗೆ ಹುಡುಗರನ್ನು ಓಡಿಸಿದೆವು.

ಮದುವೆ ಮುಗಿದ ಮೂರನೆಯ ದಿನ ದೊಡ್ಡಮ್ಮ ಮುಯ್ಯಿ ಪುಸ್ತಕ ತೆಗೆದರು. ಯಾರ ಮನೆಯವರು ಎಷ್ಟು ಹಾಕಿದರು ಎಂಬ ಆ ಲೆಕ್ಕ ಉಡುಗೊರೆಯದಲ್ಲ, ಸಾಲದ್ದು. ಅವರ ಮನೆಯ ಮದುವೆಗೆ ತಿರುಗಿ ಹಾಕಬೇಕು, ಮೇಲೆ ಸ್ವಲ್ಪ ಸೇರಿಸಿ. ಸಿಂಗಪುರದಲ್ಲೂ ಔತಣದ ಬಾಗಿಲಲ್ಲಿ ಮೇಜು ಹಾಕಿ ಕೂತು ಯಾರ ಲಕೋಟೆಯಲ್ಲಿ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳುತ್ತಾರೆ ಎಂದು ತಿಳಿದಾಗಿನಿಂದ ಬೀಗರ ಮೇಲೆ ಅವರ ಗೌರವ ಹೆಚ್ಚಿತ್ತು. ‘ಚೀನಾ ಬೀಗರು — 8,888’ ಎಂದು ಬರೆಸಿದರು. ಸ್ವಲ್ಪ ಹೊತ್ತು ಆ ಅಂಕಿಯನ್ನೇ ನೋಡಿದರು.

“ಹುಡುಗನಿಗೆ ತಮ್ಮ ಇದಾನಲ್ಲ?”

ಇದ್ದಾನೆ ಎಂದೆ.

“ಅವನ ಮದ್ವೆಗೆ ಎಷ್ಟು ಹಾಕ್ಬೇಕು? ಒಂದ್ರೂಪಾಯಿ ಸೇರ್ಸೋ ಹಂಗಿಲ್ಲ. ಹತ್ತು ಸೇರ್ಸಿದ್ರೂ ಕೊನೇಗೆ ಎಂಟು ಬರ್ತೈತೆ, ಆದ್ರೆ ಹತ್ತು ರೂಪಾಯಿ ಮುಯ್ಯಿ ಅಂದ್ರೆ ನಗ್ತಾರೆ.” ಕಡ್ಡಿ ಕೈಗೆತ್ತಿಕೊಂಡು ಒಂದು ಸಾಲು ಮುಗಿಸಿದರು. “ಇರ್ಲಿ, ಆ ಹುಡ್ಗೀಗೂ ಸೀರೆ ಉಡಿಸ್ತಾರೇನೋ ಕೇಳಿಡು. ಕುಚ್ಚು ನಂದೇ.”